ಟ್ಯೂಬಿನೊಳಗಿನ ನೀರು

ನಂಬಿದರೆ ನಂಬಿ, ಬಿಟ್ಟರೆ ಬಿಡಿ. ಭಾವ ನನಗೆ ಈಜು ಕಲಿಸಿದ್ದು ಯಾವ ಕೆರೆಯಲ್ಲೋ, ಅದನ್ನೇ ಮಣ್ಣು ಸುರಿದು ಮುಚ್ಚಿಸಿ ಸೈಟು ಮಾಡಿದರು. ಅಂದಿನಿಂದ ಅವರನ್ನು ಕಂಡರೆ ನನಗೆ ಮೈಯೆಲ್ಲ ಉರಿ.

ಕಳೆದ ಭಾನುವಾರ ಸೈಕಲ್ ಸುತ್ತಾಟಕ್ಕೆ ಹೊರಟಾಗ, ಹೆಮ್ಮೆಯಿಂದ ಅಲ್ಲಿಗೇ ಕರೆದೊಯ್ದರು. ಸುಡುಬಿಸಿಲು, ಒಣಗಿದ ಬಯಲು. ನಡುವೆ ಬರುವಷ್ಟರಲ್ಲಿ ಅವರ ಸೈಕಲ್ ಭಾರವಾಯಿತು. ಚಕ್ರದೊಳಗೆ ಗುಳುಗುಳು ಸದ್ದು.

"ಪಂಕ್ಚರ್ ಆಗಿರ್ಬೇಕು ಕಣೋ," ಎಂದರು. ಉಸಿರಿನಲ್ಲಿ ಪಾಚಿಯ ವಾಸನೆ.

ಸೈಕಲ್ ತಳ್ಳಿಕೊಂಡು ರಸ್ತೆಗೆ ಬಂದೆವು. ಅಲ್ಲಿನ ಪಂಕ್ಚರ್ ಅಂಗಡಿಯವನು ವಾಲ್ವ್ ಬಿಚ್ಚಿದ. ಗಾಳಿಯ ಬದಲು ಹಸಿರು ನೀರು ಚಿಮ್ಮಿತು, ಕೊರೆಯುವಷ್ಟು ತಣ್ಣಗೆ.

"ಒಂದು ತೂತೂ ಇಲ್ವಲ್ಲ! ಇದಕ್ಕೆ ನೀರು ತುಂಬಿಸಿದ್ಯಾರು ಸ್ವಾಮಿ?"

ಭಾವ ಬಾಯಿ ತೆರೆದರೆ ಕೆಮ್ಮು ಬಂತು. ಅದರಲ್ಲೂ ಅದೇ ಗುಳುಗುಳು. ಉಪ್ಪು ತಿಂದವನು ನೀರು ಕುಡಿಯಲೇಬೇಕು ಎಂದುಕೊಂಡೆ. ಸುಳ್ಳು ಯಾಕೆ, ಖುಷಿಯೇ ಆಯಿತು.

ಆ ಕೆಮ್ಮು ಇನ್ನೂ ನಿಂತಿಲ್ಲ. ಇವತ್ತು ಬೆಳಿಗ್ಗೆ ಅಕ್ಕ ಒಂದು ಲೋಟ ಹಿಡಿದು ನಮ್ಮ ಮನೆಗೆ ಬಂದಳು. ನೀರಿನಲ್ಲಿ ಬಾಲವಿರುವ ಕಪ್ಪೆಮರಿಯೊಂದು ಈಜುತ್ತಿತ್ತು.

"ನಿಮ್ಮ ಭಾವನ ದಿಂಬಿನ ಮೇಲಿತ್ತು ಕಣೋ," ಎಂದಳು.

ಅಷ್ಟು ಹೇಳಿ, ಅಕ್ಕನೂ ಕೆಮ್ಮಿದಳು.