ಕೊಳ ಮುಚ್ಚಿದ ಮೇಲೆ

ಗುರುವಾಯನಕೆರೆಯಿಂದ ಸ್ವಲ್ಪ ಆಚೆಗಿರುವ ನಮ್ಮ ಪಳ್ಳಿಯ, ಅಂದರೆ ಮಸೀದಿಯ, ಅಂಗಳದಲ್ಲಿ ಅಜ್ಜಂದಿರ ಕಾಲದ ಕೊಳವಿತ್ತು. ನಮಾಜಿಗೆ ಮುಂಚೆ ಅದರ ಮೆಟ್ಟಿಲಲ್ಲಿ ಕೂತು ಕಾಲು ತೊಳೆಯುವಾಗ ಮೀನುಗಳು ಬಂದು ಬೆರಳು ಕಚ್ಚುತ್ತಿದ್ದವು. ಪಳ್ಳಿಯ ಮೀನನ್ನು ಯಾರೂ ಹಿಡಿಯುವ ಕ್ರಮವಿಲ್ಲ.

ಸಮುದಾಯ ಭವನ ಕಟ್ಟಲು ಕೊಳ ಮುಚ್ಚಿದರು. "ಮೀನು ಎಂತ ಮಾಡಿದ್ರಿ ಹಾಜಿಯಾರೇ?" ಎಂದು ಪಳ್ಳಿ ಕಮಿಟಿಯ ಅಧ್ಯಕ್ಷ ಸಿದ್ದೀಕ್ ಹಾಜಿಯವರನ್ನು ಕೇಳಿದೆ.

"ತೋಡಿಗೆ ಬಿಟ್ಟಾಯ್ತು ಮಾರಾಯ."

ಟಿಪ್ಪರಿನವ ಬೇರೆಯೇ ಹೇಳಿದ. "ಒದ್ದಾಡ್ತಾ ಇತ್ತು. ಅದರ ಮೇಲೆಯೇ ಮಣ್ಣು ಹಾಕ್ಲಿಕ್ಕೆ ಹೇಳಿದ್ರು."

ಮೊನ್ನೆ ಶುಕ್ರವಾರ ಆ ಭವನದಲ್ಲಿ ಪಳ್ಳಿಯ ಚರಿತ್ರೆ ಹೇಳುವ ಸಭೆಯಿತ್ತು. ಹೊರಗೆ ಸುಡುಬಿಸಿಲು. ಚಪ್ಪಲಿ ಬಿಟ್ಟು ಒಳಗೆ ಕಾಲಿಟ್ಟರೆ ಟೈಲ್ಸು ತಣ್ಣಗೆ, ಲೋಳೆಲೋಳೆ. ಕೊಳೆತ ಮೀನಿನ ನಾತ ಮೂಗಿಗೆ ಹೊಡೆಯಿತು. ಕುರ್ಚಿಯಲ್ಲಿ ಕೂತ ನನ್ನ ಕಾಲ್ಬೆರಳನ್ನು ಏನೋ ಮೆತ್ತಗೆ ಕಚ್ಚಿತು. ಬಗ್ಗಿ ನೋಡಿದರೆ ಏನೂ ಇಲ್ಲ. ಅಕ್ಕಪಕ್ಕದವರೆಲ್ಲ ಆಗಲೇ ಕಾಲು ಮೇಲಕ್ಕೆಳೆದುಕೊಂಡು ಕೂತಿದ್ದರು. ಒಬ್ಬನಾದರೂ ಬಾಯಿ ಬಿಡಬೇಕಲ್ಲ, ಥೂ!

ಹಾಜಿಯವರು ಮೈಕಿನಲ್ಲಿ ಕಲ್ಲು ಹೊತ್ತವರನ್ನು, ಮರ ಕೊಟ್ಟವರನ್ನು ಹೊಗಳಿದರು. ಕೊಳದ ಸುದ್ದಿಯನ್ನೇ ಎತ್ತಲಿಲ್ಲ. ಕೇಳಿ ಕೇಳಿ ನನಗೆ ಹೇಸಿಗೆ ಹುಟ್ಟಿತು.

ಸಂಜೆಯ ಅಸರ್ ನಮಾಜಿಗೆ ಅಲ್ಲೇ ಸಾಲಾಗಿ ನಿಂತೆವು. ನನ್ನ ಪಕ್ಕದಲ್ಲೇ ಹಾಜಿಯವರು. ಎಲ್ಲರೂ ಆ ನೆಲಕ್ಕೆ ಹಣೆಯಿಟ್ಟು ಎದ್ದೆವು. ಕೊನೆಗೆ ಸಲಾಂ ಹೇಳಲು ಅವರು ಮುಖವನ್ನು ನನ್ನ ಕಡೆ ತಿರುಗಿಸಿದಾಗ, ಅವರ ಹಣೆಯ ಮೇಲೆ ಮೀನಿನ ಹಸಿ ಹುರುಪೆಯೊಂದು ಅಂಟಿಕೊಂಡಿತ್ತು.

ಅವರು ನೋಡುತ್ತಿದ್ದುದು ನನ್ನ ಹಣೆಯನ್ನು.