ಕೆಂಪು ಬಕೆಟ್ಟಿನ ಮರಳು

ಕಾರ್ಖಾನೆಯ ಕಡೆಯುವ ಕೋಣೆಯ ಬಾಗಿಲು ಕಿತ್ತುಕೊಂಡು ಅಂಗಳದಲ್ಲಿ ಬಿದ್ದಿತ್ತು. ಒಳಗೆ ಗೋಡೆಯೆಲ್ಲ ಮಸಿ. ಉಕ್ಕಿನ ಹಂಡೆಯ ಬುಡದಲ್ಲಿ ಪಾಲಣ್ಣನ ಒಂದು ಚಪ್ಪಲಿ ಕರಗಿ ನೆಲ ಕಚ್ಚಿತ್ತು. ಅದರ ಪಕ್ಕದಲ್ಲೇ ಒಂದು ನೀಲಿ ಪ್ಲಾಸ್ಟಿಕ್ ಕೊಡ.

ಪಾಲಣ್ಣ ಇರಲಿಲ್ಲ. ಮುಖ ಸುಟ್ಟುಕೊಂಡ ಅವನನ್ನು ಬೆಳಿಗ್ಗೆಯೇ ದಾವಣಗೆರೆಗೆ ಒಯ್ದಿದ್ದರು.

"ಇವನೇ ಮೇಡಂ! ಕೊಡದ ನೀರು ಸುರಿದವನು ಇವನೇ," ಮ್ಯಾನೇಜರ್ ತಿಪ್ಪೇರುದ್ರಸ್ವಾಮಿ ಬೆರಳು ತೋರಿಸಿದ. ತಲೆ ಮೇಲಿನ ಹೆಲ್ಮೆಟ್ಟು ಬೆಳ್ಳಗೆ ಹೊಳೆಯುತ್ತಿತ್ತು. ಅಲ್ಲಿಯವರೆಗೆ ಆ ಕೋಣೆಯೊಳಗೆ ಅದು ಒಂದು ದಿನವೂ ಬಂದದ್ದಿಲ್ಲ.

ಮಾರುತೇಶ್ ತಲೆ ಎತ್ತಲಿಲ್ಲ. ಬಿಳಿಚೋಡಿನಾಚೆಯ ಈ ಕಾರ್ಖಾನೆಗೆ ಅವನನ್ನು ಬೈಕಿನ ಹಿಂದೆ ಕೂರಿಸಿಕೊಂಡು ಬಂದು ಕೆಲಸಕ್ಕೆ ಹಚ್ಚಿದವನು ಪಾಲಣ್ಣ. ಸೋಡಿಯಂ ಗಟ್ಟಿಯನ್ನು ಎಣ್ಣೆಯಲ್ಲಿ ಹಾಕಿ ಕಾಯಿಸಬೇಕು. ಕರಗಿದ ಮೇಲೆ ಮಜ್ಜಿಗೆ ಕಡೆದಂಗೆ ಜೋರಾಗಿ ಕಡೆಯಬೇಕು. ಲೋಹ ಧೂಳಿನಷ್ಟು ಸಣ್ಣಗಾಗಿ ಎಣ್ಣೆಯಲ್ಲೇ ನಿಲ್ಲುತ್ತದೆ. ಹಳೇ ಟ್ರಾನ್ಸ್‌ಫಾರ್ಮರ್ ಎಣ್ಣೆಯ ವಿಷ ತೆಗೆಯಲು ಆ ಬೂದು ಎಣ್ಣೆ ಬೇಕು. ನೀರು ತಾಗಿತೋ, ಮುಗಿಯಿತು. ಅದು ಗೇಟಿನ ನಾಯಿಗೂ ಗೊತ್ತು.

ಜಗಳೂರಿನಿಂದ ಬಂದ ಎಸ್‌ಐ ಉಷಾರಾಣಿ ಅವನ ಮುಂದೆ ನಿಂತಳು.

"ಏನು ಎಸೆದೆ?"

"ಮರಳು ಮೇಡಂ."

"ನೀರಲ್ಲ?"

"ನೀರು ಎರಚಾಕೆ ನನಗೇನು ಹುಚ್ಚಾ? ವಾಲ್ವ್ ಸೋರಿ ಬೆಂಕಿ ಹತ್ತಿಕೊಂಡ್ತು. ಬಾಗ್ಲತ್ರ ಇದ್ದ ಕೆಂಪು ಬಕೆಟ್ ಎತ್ತಿ ಮರಳು ಹೊಯ್ದೆ. ಆರಲಿಲ್ಲ... ಸಿಡೀತು."

"ಕೇಳ್ರೀ ಮೇಡಂ! ಮರಳಿಗೆ ಬೆಂಕಿ ಸಿಡಿಯುತ್ತಂತೆ!" ಸ್ವಾಮಿ ನಕ್ಕ. "ಎಂಟನೇ ಕ್ಲಾಸಿಗೆ ಶಾಲೆ ಬಿಟ್ಟೋನು, ಇನ್ನೇನು ಹೇಳ್ತಾನೆ?"

ಮಾರುತೇಶನ ಮೈ ಉರಿಯಿತು. ಆದರೂ ಸಿಡಿದದ್ದು ನಿಜ. ಎಸೆದದ್ದು ತಾನೇ. 'ಹಿಂದೆ ಸರಿಯೋ' ಅಂತ ಪಾಲಣ್ಣ ತನ್ನನ್ನು ತಳ್ಳಿ ಮುಂದೆ ನಿಂತದ್ದೂ ನಿಜ.

ಅಷ್ಟರಲ್ಲಿ ಪಾಲಣ್ಣನ ಹೆಂಡತಿ ಭೀಮಕ್ಕ ಬಂದಳು. ಅವಳೂ ಇಲ್ಲೇ ಕಸ ಗುಡಿಸುವವಳು. ಆಸ್ಪತ್ರೆಯಲ್ಲಿ ಗಂಡನ ಆಧಾರ್ ಕಾರ್ಡು ಕೇಳಿದ್ದರು. ಮಾರುತೇಶನನ್ನು ನೋಡಿಯೂ ನೋಡದಂತೆ ಹೊರಗಿದ್ದ ಕೆಲಸಗಾರರ ಬೀರುವಿನತ್ತ ನಡೆದಳು.

ಉಷಾರಾಣಿ ಬಗ್ಗಿ ಕೊಡ ಎತ್ತಿದಳು. "ಚಪ್ಪಲಿ ಕರಗಿ ನೀರಾಗೈತೆ. ಗೇಣು ದೂರದ ಕೊಡಕ್ಕೆ ಅಂಟಿಸಿದ ಅಂಗಡಿ ಚೀಟಿಯೂ ಸುಟ್ಟಿಲ್ಲ. ಇದನ್ನ ಆಮೇಲೆ ತಂದಿಟ್ಟೋರು ಯಾರು ಸ್ವಾಮಿಯವರೇ?"

ಸ್ವಾಮಿಯ ನಗು ನಿಂತಿತು.

ಎಲ್ಲರೂ ನೆಲ ನೋಡುತ್ತಿದ್ದರು. ಅವಳು ಮೇಲೆ ನೋಡಿದಳು.

"ಚಿಕ್ಕಹನುಮಂತಪ್ಪ, ಏಣಿ ತರ್ರಿ."

ಪೇದೆ ಏಣಿ ಹತ್ತಿ ಚಾವಣಿಯ ತಗಡಿನಿಂದ ಏನನ್ನೋ ಕೆರೆದು ಕೊಟ್ಟ. ಸುಟ್ಟು ಗಟ್ಟಿಯಾದ ಮರಳಿನ ಹೆಂಟೆ. ನಡುವೆ ಸಣ್ಣ ಬಸವನಹುಳದ ಚಿಪ್ಪು.

"ಭೀಮಕ್ಕ, ಈ ಬಕೆಟ್ಟಿಗೆ ಮರಳು ಯಾರು ತುಂಬ್ತಿದ್ರು?"

"ನಾನೇ. ಜರಡಿ ಹಿಡಿದು, ಬಾಣಲೆಗೆ ಹಾಕಿ ಮಂಡಕ್ಕಿ ಭಟ್ಟಿ ಮರಳಿನಂಗೆ ಹುರೀತಿದ್ದೆ. ಹೋದ ವಾರದ ಬೆಂಕಿಗೆ ಅದೆಲ್ಲ ಖರ್ಚಾತು. ಹೊಸದು ಹುರಿಯಾಕೆ ನನ್ನ ಯಾರೂ ಕರೀಲಿಲ್ಲ."

"ಹೋದ ವಾರನೂ ಬೆಂಕಿ?" ಉಷಾರಾಣಿ ಮ್ಯಾನೇಜರನತ್ತ ತಿರುಗಿದಳು. "ಅದನ್ನ ನೀವು ಬಾಯಿ ಬಿಡಲೇ ಇಲ್ಲ. ಮುಚ್ಚಿಟ್ರಿ. ಖಾಲಿ ಬಕೆಟ್ ಕಂಡ್ರೆ ಗುಟ್ಟು ರಟ್ಟಾಗುತ್ತೆ. ಹಿತ್ತಲಲ್ಲಿ ಕಾಂಪೌಂಡಿಗೆ ಅಂತ ಲಾರಿ ಮರಳು ಬಿದ್ದೈತೆ. ಜರಡಿ ಹಿಡಿದ ಮರಳಾಗಿದ್ರೆ ಈ ಚಿಪ್ಪು ಇರ್ತಿರಲಿಲ್ಲ. ನಾನು ಹೊನ್ನಾಳಿಯವಳು, ನಮ್ಮ ಹೊಳೆ ಮರಳು ನನಗೆ ಗೊತ್ತಾಗಲ್ವಾ? ಇನ್ನೂ ನೀರು ಜಿನುಗ್ತೈತೆ. ಅದನ್ನೇ ತುಂಬಿಸಿದ್ರಿ. ನೀರು ಸುರಿದಿದ್ರೆ ತಗಡಿನ ಮೇಲೆ ಮರಳು ಹೆಂಗೆ ಬಂತು? ಒಣ ಮರಳು ಬೆಂಕಿ ಮೇಲೆ ಹೊದಿಕೆಯಂಗೆ ಕೂರುತ್ತೆ. ಹಸಿ ಮರಳು ತಾಗಿದ್ರೆ ಸೋಡಿಯಂ ಸಿಡಿದು ಮರಳನ್ನೂ ಮೇಲಕ್ಕೆ ಹಾರಿಸುತ್ತೆ. ಪಾಲಣ್ಣನ ಮುಖ ಸುಟ್ಟೋರು ನೀವು!"

"ಒಣಗಿತ್ತು ಮೇಡಂ! ಮುಟ್ಟಿ ನೋಡಿದ್ದೆ! ಈಗ ಎಲ್ಲ ಸುಟ್ಟು ಹೋಗೈತೆ. ಹಸಿ ಇತ್ತು ಅಂತ ಹೇಳೋರು ಯಾರು?"

ಮಾರುತೇಶ್ ತಲೆ ಎತ್ತಿದ.

"ನಾನು ಹೇಳ್ತೀನಿ," ಎಂದ. "ಬಕೆಟ್ ಭಾರ ಇತ್ತು. ದಿನಾ ಎತ್ತಿ ಇಡೋ ಕೈ ಇದು. ಹೊಯ್ಯಾಕೆ ಕೈ ಹಾಕಿದ್ರೆ ಮೇಲೆ ಒಣ, ಒಳಗೆ ತಣ್ಣಗೆ. ಗೊತ್ತಾತು ಮೇಡಂ."

"ಗೊತ್ತಾಗೋ ಹೊತ್ತಿಗೆ ಎಸೆದಾಗಿತ್ತಾ?"

ಹೂಂ ಅಂದುಬಿಟ್ಟರೆ ಮುಗಿಯುತ್ತಿತ್ತು. ಅವನು ಭೀಮಕ್ಕನನ್ನು ನೋಡಿದ.

"ಇಲ್ಲ. ಗೊತ್ತಾದ ಮೇಲೆ ಎಸೆದೆ. ಬೇರೇನೂ ತೋಚಲಿಲ್ಲ. ಹೆದರಿದ್ದೆ."

ಉಷಾರಾಣಿ ಪೇದೆಗೆ ಸನ್ನೆ ಮಾಡಿದಳು. ತಿಪ್ಪೇರುದ್ರಸ್ವಾಮಿಯ ಬಿಳಿ ಹೆಲ್ಮೆಟ್ಟು ಜೀಪು ಹತ್ತುವಾಗ ಬಾಗಿಲಿಗೆ ಬಡಿದು ಉರುಳಿತು. ಯಾರೂ ಎತ್ತಿಕೊಡಲಿಲ್ಲ.

"ಹೇಳಿಕೆಗೆ ನಾಳೆ ಠಾಣೆಗೆ ಬಾ. ತಪ್ಪು ನಿಂದಲ್ಲ, ಮನೆಗೆ ಹೋಗು," ಎಂದಳು ಉಷಾರಾಣಿ.

ಅವನು ಕದಲಲಿಲ್ಲ. ಭೀಮಕ್ಕ ಕಾರ್ಡನ್ನು ಸೆರಗಿನ ತುದಿಗೆ ಗಂಟು ಹಾಕಿಕೊಂಡು ಎದುರು ಬಂದಳು. ಹೊಡೆಯುತ್ತಾಳೆ ಅಂದುಕೊಂಡ. ಹೊಡೆದಿದ್ದರೆ ಒಳ್ಳೆಯದಿತ್ತು.

"ದಾವಣಗೆರೆ ಬಸ್ಸು ಬರೋ ಹೊತ್ತಾತು, ನಡಿ," ಅಂದಳು. "ಅವರ ಕಣ್ಣಿಗೆ ಪಟ್ಟಿ ಕಟ್ಟ್ಯಾರೆ. ಬೆಳಿಗ್ಗೆಯಿಂದ ಒಂದೇ ಮಾತು, ಹುಡುಗ ಉಳಿದ್ನಾ ಅಂತ. ನಾನು ಹೇಳಿದ್ರೆ ನಂಬವಲ್ರು. ನೀನೇ ಬಂದು ಹೇಳು. ಆಮೇಲೆ ಈಗ ಇಲ್ಲಿ ಹೇಳಿದ್ದನ್ನೂ ಹೇಳು. ಎರಡೂ ಹೇಳಬೇಕು ನೀನು."