ಒಂದು ಸಾಲಿನ ಕೆಲಸ

ಎಂಟು ವರ್ಷ ಪಟ್ಟಿಗಳನ್ನು ಜೋಡಿಸಿದವಳನ್ನು ಬಿಟ್ಟು, ಎರಡು ವರ್ಷದಿಂದ ಅವನ್ನು ಕೆಡಿಸುತ್ತ ಬಂದವನನ್ನು ತಂಡದ ಮುಖ್ಯಸ್ಥನನ್ನಾಗಿ ಮಾಡಿದರು. ಸುದ್ದಿ ಹೇಳುವಾಗ ನಿರ್ದೇಶಕಿ ಅವಳ ಭುಜ ತಟ್ಟಿದ್ದರು. "ಬೇಜಾರು ಮಾಡ್ಕೋಬೇಡಿ. ನಿಮ್ಮದು ಮನೆ ಗುಡಿಸೋ ಥರದ ಕೆಲಸ. ಗುಡಿಸಿದ್ದು ಯಾರ ಕಣ್ಣಿಗೂ ಬೀಳಲ್ಲ ನೋಡಿ."

ಸುಳ್ಳೇನೂ ಅಲ್ಲ. ಆಸ್ಪತ್ರೆಗಳಿಗಾಗಿ ಪೈಥಾನ್ ಭಾಷೆಯಲ್ಲಿ ಬರೆದ ಆ ದೊಡ್ಡ ತಂತ್ರಾಂಶ, ಬೇರೆಯವರು ಬರೆದಿಟ್ಟ ಸಿದ್ಧ ಕೋಡಿನ ನೂರಾರು ಪ್ಯಾಕೇಜುಗಳ ಹೆಗಲ ಮೇಲೆ ನಿಂತಿತ್ತು. ಯಾವ ಪ್ಯಾಕೇಜು, ಅದರ ಯಾವ ಆವೃತ್ತಿ ಬೇಕೆಂದು ಹೇಳುವ ರಿಕ್ವೈರ್‌ಮೆಂಟ್ಸ್ ಫೈಲು ಅವಳ ಕೈಗೆ ಬಂದಾಗ ಹರಿದ ಚೀಲದಂತಿತ್ತು. ಅದನ್ನು ಬಿಡಿಸಿ, ಪರೀಕ್ಷೆಗೆ ಒಂದು ಪಟ್ಟಿ, ಗ್ರಾಹಕರ ಸರ್ವರ್‌ಗೆ ಒಂದು ಪಟ್ಟಿ ಎಂದು ಬೇರೆ ಮಾಡಿ, ಅಕ್ಷರಕ್ರಮದಲ್ಲಿ ಜೋಡಿಸಿದವಳು ಅವಳೇ. ಹೊಸ ಮುಖ್ಯಸ್ಥನಿಗೆ ಅದೆಲ್ಲ ಲೆಕ್ಕಕ್ಕೇ ಇಲ್ಲ. ಎಲ್ಲರೂ ಅವನನ್ನು ಬಿರುಗಾಳಿ ಎನ್ನುತ್ತಿದ್ದರು. ಬೇಕಾದ ಪ್ಯಾಕೇಜನ್ನು ತಂದು ಸುರಿದು ಹೋಗುತ್ತಿದ್ದ. "ಓಡ್ತಾ ಇದೆಯಲ್ಲಕ್ಕಾ, ಓಡ್ಲಿ ಬಿಡಿ!" ಹಿಂದೆ ಹೋಗಿ ಸರಿಮಾಡುವುದು ಅವಳ ಪಾಲು.

ಸೋಮವಾರ ಹೊಸ ಆಸ್ಪತ್ರೆಯವರ ಎದುರು ಅವನ ಮೊದಲ ಪ್ರದರ್ಶನವಿತ್ತು. ಅದು ಮುಗ್ಗರಿಸಿದರೆ ಕುರ್ಚಿ ಅವನಿಗೆ ದಕ್ಕುವುದಿಲ್ಲ. ಮುಗ್ಗರಿಸುವಂತೆ ಮಾಡಿ ಸಿಕ್ಕಿಬಿದ್ದರೆ ಅವಳ ಕೆಲಸ ಹೋಗುತ್ತದೆ, ತಂಗಿಯ ನರ್ಸಿಂಗ್ ಓದು ಅರ್ಧಕ್ಕೆ ನಿಲ್ಲುತ್ತದೆ. ಆದ್ದರಿಂದ ಸಿಕ್ಕಿಬೀಳಬಾರದು, ಅಷ್ಟೆ. ವಾರವಿಡೀ ಬಸ್ಸಿನಲ್ಲಿ ನಿಂತುಕೊಂಡೇ ಯೋಚಿಸಿದಳು.

ಬೇಕಾದದ್ದು ಒಂದೇ ಸಾಲು. ದಿನಾಂಕ ಲೆಕ್ಕಹಾಕುವ ಒಂದು ಪ್ಯಾಕೇಜು ಪಟ್ಟಿಯಲ್ಲಿ ನೇರವಾಗಿ ಇರಲಿಲ್ಲ. ಇನ್ನೊಂದು ಪ್ಯಾಕೇಜಿನ ಬೆನ್ನಿಗೆ ತಾನಾಗಿ ಬರುತ್ತಿತ್ತು. ಅದರ ಹಳೆಯ, ದೋಷವಿದ್ದ ಆವೃತ್ತಿಯೇ ಬೇಕೆಂದು ಸರ್ವರ್‌ನ ಪಟ್ಟಿಗೆ ಮಾತ್ರ ಬರೆದರೆ ಪರೀಕ್ಷೆಗಳೆಲ್ಲ ಸುಸೂತ್ರವಾಗಿ ದಾಟುತ್ತವೆ. ಸೋಮವಾರ ಬೆಳಿಗ್ಗೆ ಸರ್ವರ್ ಹೊಸದಾಗಿ ಎದ್ದಾಗಲೇ ವಿಷ ಏರುವುದು.

ಬಿರುಗಾಳಿ ದಿನಾ ಒಂದೂಕಾಲಿಗೆ, ಕಂಪ್ಯೂಟರನ್ನು ತೆರೆದೇ ಬಿಟ್ಟು, ಮೆಟ್ಟಿಲ ಬಳಿ ನಿಂತು ಹೆಂಡತಿಗೆ ಫೋನ್ ಮಾಡುತ್ತಿದ್ದ. ಒಬ್ಬನೇ, ಅಲ್ಲಿದ್ದನೆನ್ನಲು ಸಾಕ್ಷಿಯಿಲ್ಲ. ಉಳಿದವರು ಊಟಕ್ಕೆ ಕೆಳಗಿರುತ್ತಿದ್ದರು. ಅವಳು ಹಲ್ಲಿನ ಡಾಕ್ಟರ ನೆಪ ಹೇಳಿ ಶುಕ್ರವಾರ ಅರ್ಧ ದಿನ ರಜೆ ಹಾಕಿದಳು. ಹೊರಡುವ ಮುನ್ನ ಅವನ ಕುರ್ಚಿಯಲ್ಲಿ ಎರಡು ನಿಮಿಷ ಕೂತು ಆ ಸಾಲನ್ನು ಸೇರಿಸಿದಳು. ಬದಲಾವಣೆಗೆ ಅವನು ಬರೆಯುವಂಥದ್ದೇ ಟಿಪ್ಪಣಿ ಹಾಕಿದಳು: 'ಸಣ್ಣ ರಿಪೇರಿ' ಎಂದು, ಕೊನೆಗೆ ಅವನ ಮೂರು ಚುಕ್ಕಿ. ಮೌಸನ್ನು ಅವನಿಟ್ಟಂತೆ ಓರೆಯಾಗಿಯೇ ಇಟ್ಟಳು.

ಭಾನುವಾರ ಕೈ ಸುಮ್ಮನಿರಲಾರದೆ ಅಡುಗೆಮನೆಯ ಡಬ್ಬಿಗಳನ್ನೆಲ್ಲ ಇಳಿಸಿ ಮತ್ತೆ ಜೋಡಿಸಿದಳು. ತಂಗಿ ಬಾಗಿಲಲ್ಲಿ ನಿಂತು ನಕ್ಕಳು. "ಇನ್ನು ನಾನೂ ಎತ್ತರದ ಪ್ರಕಾರ ನಿಂತ್ಕೋಬೇಕೇನೇ ಅಕ್ಕಾ?"

"ಹೋಗಿ ಓದ್ಕೊಳೇ," ಎಂದಳು.

ಸೋಮವಾರ ಎಲ್ಲ ಅಂದುಕೊಂಡಂತೆಯೇ ನಡೆಯಿತು. ಪರದೆಯ ಮೇಲೆ ರೋಗಿಗಳ ಸರದಿಗಳೆಲ್ಲ ಒಂದು ದಿನ ಹಿಂದಕ್ಕೆ ಜಾರಿದವು. ಆಸ್ಪತ್ರೆಯ ಮೇಲ್ವಿಚಾರಕರು, "ನಮ್ಮ ರೋಗಿಗಳು ನಿನ್ನೆ ಬರಬೇಕಿತ್ತಾ?" ಎಂದು ಕೇಳಿ ಚೀಲ ಎತ್ತಿಕೊಂಡರು. ಬಿರುಗಾಳಿಯ ಮುಖ ಬಿಳಿಚಿತು. ಅವಳಿಗೆ ಸಂತೋಷವಾಗಲಿಲ್ಲ, ಮಲಗಬೇಕು ಅನ್ನಿಸಿತು.

ಮಂಗಳವಾರ ನಿರ್ದೇಶಕಿ ಅವಳನ್ನು ಕೋಣೆಗೆ ಕರೆದು ಬಾಗಿಲು ಹಾಕಿದರು. "ನಾನಲ್ಲ ಅಂತ ಅವನು ಅಳ್ತಿದ್ದ. ಅದಕ್ಕೇ ಕೂತು ಅವನು ಹಾಕಿದ್ದನ್ನೆಲ್ಲ ಓದ್ದೆ. ಎರಡು ವರ್ಷದಲ್ಲಿ ನಲವತ್ತಾರು ಪ್ಯಾಕೇಜು. ನಲವತ್ತೈದನ್ನ ಫೈಲಿನ ಕಟ್ಟಕಡೆಗೆ ಒಗೆದು ಹೋಗಿದಾನೆ." ಪರದೆಯನ್ನು ಅವಳತ್ತ ತಿರುಗಿಸಿದರು. ಆ ಸಾಲು ಪಟ್ಟಿಯ ನಟ್ಟನಡುವೆ, ಅಕ್ಷರಕ್ರಮದಲ್ಲಿ ತನ್ನ ಹಿಂದಿನದಕ್ಕೂ ಮುಂದಿನದಕ್ಕೂ ಮಧ್ಯೆ, ಅಚ್ಚುಕಟ್ಟಾಗಿ ಕೂತಿತ್ತು. ಅದನ್ನು ಅಲ್ಲಿ ಇಟ್ಟದ್ದು ಅವಳಿಗೆ ನೆನಪೇ ಇರಲಿಲ್ಲ. ಎಂಟು ವರ್ಷದಲ್ಲಿ ಮೊದಲ ಸಲ ಯಾರೋ ಅವಳ ಕೆಲಸವನ್ನು ಗಮನವಿಟ್ಟು ನೋಡಿದ್ದರು.